ಬೆಳಗ್ಗೆ ಬನ್ನು, ಸಂಜೆ ಶವಪೆಟ್ಟಿಗೆ

ನಿನ್ನೆ ಸಂಜೆ ಎದೆಯ ಮೇಲೆ ಕೈ ಜೋಡಿಸಿಕೊಂಡು ಸತ್ತು ಮಲಗಿದ್ದ ಹೆಂಗಸು ಈಗ ಬನ್ನುಗಳ ಮೇಲೆ ಶಿಲುಬೆ ಎಳೆಯುತ್ತಿದ್ದಾರೆ.

ಹೊರಗೆ ಕ್ಲೂನಬ್ರಾಕ್ ಎಂಬ ಪುಟ್ಟ ಊರಿನ ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಕಾಲರಿಯವರ ಬೇಕರಿಯ ಹಿಂಬದಿಯ ಕಿಟಕಿಯಲ್ಲಿ ಮಾತ್ರ ಬೆಳಕು, ಅದರ ಗಾಜಿನ ತುಂಬಾ ಆವಿ. ಮೈದಾಕ್ಕೆ ನೀರು ಬೆರೆಸಿದ ತೆಳು ಹಿಟ್ಟನ್ನು ತುದಿ ಕತ್ತರಿಸಿದ ಚೀಲಕ್ಕೆ ತುಂಬಿಕೊಂಡು ಅಟ್ರಾಕ್ಟಾ ಟ್ಯಾನ್ಸಿ ಒಂದು ಗೆರೆ ಉದ್ದಕ್ಕೆ, ಒಂದು ಗೆರೆ ಅಡ್ಡಕ್ಕೆ ಎಳೆಯುತ್ತಾ ಹೋಗುತ್ತಾರೆ. ತುಟಿ ಅಲುಗುತ್ತಿದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ, ಕೈಯಲ್ಲಿ ಶಿಲುಬೆ, ಹಾಗಾಗಿ ಪ್ರಾರ್ಥನೆ ಇರಬೇಕು ಅಂದುಕೊಂಡರೆ ಅಲ್ಲ.

"'ಇಬ್ಬರ ಪಕ್ಕದಲ್ಲೂ ಮಲಗಿ ನೋಡಿದ್ದೀನಿ ಕಣ್ರಪ್ಪಾ,'" ಎನ್ನುತ್ತಾರೆ ಬನ್ನುಗಳಿಗೆ. "'ಬೆಟ್ಟದವನ ಪಕ್ಕ ಒಂದಷ್ಟು ವರ್ಷ, ಕೆರೆಯವನ ಪಕ್ಕ ಒಂದಷ್ಟು ವರ್ಷ. ಬೆಟ್ಟದವನದು ತಣ್ಣನೆ ಪಾದ, ಕೆರೆಯವನದು...' ಆ ತಟ್ಟೆ ಇತ್ತ ತಳ್ಳಿ, ಕಂಬದ ಹಾಗೆ ನಿಂತಿದ್ದೀರಲ್ಲ!"

ಕೊನೆಯ ಮಾತು ನಾಟಕದ್ದಲ್ಲ, ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಹೇಳಿದ್ದು. ತಟ್ಟೆ ತಳ್ಳುತ್ತೇನೆ. ದೊಡ್ಡ ಒಲೆಯ ಬಾಗಿಲು ತೆರೆಯುತ್ತದೆ, ದಾಲ್ಚಿನ್ನಿ, ಲವಂಗ, ಒಣದ್ರಾಕ್ಷಿಯ ಬಿಸಿ ಉಸಿರು ಮುಖಕ್ಕೆ ಬಡಿಯುತ್ತದೆ. ಬಾಗಿಲು ಮುಚ್ಚಿ, ಏಪ್ರನ್ನಿಗೆ ಕೈ ಒರೆಸಿಕೊಂಡು, ಬಿಟ್ಟ ಮಾತನ್ನು ಅಟ್ರಾಕ್ಟಾ ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ. "'...ಕೆರೆಯವನದು ಗೊರಕೆ.'"

ಹೇಳಿ ತಾವೇ ನಕ್ಕುಬಿಡುತ್ತಾರೆ. ಆ ನಗುವಿಗೆ ಕಾರಣವಿದೆ. ಗೊರಕೆಯ ಕತೆ ಆಮೇಲೆ.

ಅಟ್ರಾಕ್ಟಾಗೆ ಅರವತ್ತೊಂದು ವಯಸ್ಸು. ಹದಿನಾರರಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು ಈ ಒಲೆಯ ಮುಂದೆ ನಿಂತವರು ಇನ್ನೂ ನಿಂತಿದ್ದಾರೆ. ಎರಡೂ ಮುಂಗೈ ಮೇಲೆ ಒಲೆಯ ಅಂಚು ತಾಗಿದ ಹಳೆಯ ಗೆರೆಗಳಿವೆ, ಮೇಷ್ಟ್ರು ತಪ್ಪಿಗೆ ಹಾಕಿದ ಕೆಂಪು ಗೀಟಿನ ಹಾಗೆ. ಊರಿನವರು ಬೆಳಗ್ಗೆ ತಿನ್ನುವ ಬ್ರೆಡ್ಡು ಯಾರ ಕೈಯದು ಎಂದರೆ ಚಿಕ್ಕ ಮಗುವೂ ಹೇಳುತ್ತದೆ. ಆದರೆ ಇದೇ ಹೆಂಗಸು ಊರಿನ ಹವ್ಯಾಸಿ ನಾಟಕ ತಂಡದಲ್ಲಿ ಮೂರು ದಶಕದಿಂದ ನಟಿ ಎಂದು ಹೇಳಿ ನೋಡಿ. "ಯಾರು, ಬೇಕರಿ ಅಟ್ರಾಕ್ಟಾನಾ? ಚಹಾ ಮಾಡೋದಲ್ವಾ ಅವಳು?" ಎನ್ನುತ್ತಾರೆ.

ಚಹಾನೂ ಮಾಡುತ್ತಾರೆ. ಅದಕ್ಕೇ ಹೋದವರು ಮೊದಲು.

"ರಿಹರ್ಸಲ್ ದಿನ ಚಹಾಕ್ಕೆ ಬ್ರೆಡ್ ಕೊಡೋಕೆ ಅಂತ ಚರ್ಚಿನ ಸಭಾಂಗಣಕ್ಕೆ ಹೋಗಿದ್ದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟೆ ನೋಡಿ, ನಮ್ಮ ಡೈರೆಕ್ಟರ್ ಫಿಂಟನ್ ಕೂಗಿದ, 'ಹಾಗೇ ನಿಂತ್ಕೋ! ಅದೇ! ಬಾಗಿಲು ತೆಗೆಯೋದು ಅಂದ್ರೆ ಅದು!' ಅಂತ. ಕೆಲಸದವಳ ಪಾತ್ರದ ಹುಡುಗಿ ಬಾಗಿಲು ತೆಗೆದ್ರೆ ಅರಮನೆ ಬಾಗಿಲು ತೆಗೆದ ಹಾಗೆ ತೆಗೀತಿದ್ಲಂತೆ. ನಾನು ಬ್ರೆಡ್ ಹಿಡ್ಕೊಂಡಿದ್ನಲ್ಲ, ಸೊಂಟದಲ್ಲಿ ತಳ್ಳಿದ್ದೆ. ಆವತ್ತಿಂದ ಬಾಗಿಲು ನಂದು."

ಅಲ್ಲಿಂದ ಅವರು ತೆಗೆದ ಬಾಗಿಲುಗಳಿಗೆ ಲೆಕ್ಕವಿಲ್ಲ. ಬಾಗಿಲು ತೆಗೆಯುವ ಕೆಲಸದವಳು, ಬಾಗಿಲಲ್ಲಿ ಇಣುಕುವ ನೆರೆಮನೆಯವಳು, ಬಾಗಿಲಾಚೆ ಅಳುವ ಕೂಸಿನ ಸದ್ದು, ಒಮ್ಮೆ ಮೊಟ್ಟೆಯಿಡುವ ಕೋಳಿಯ ಸದ್ದು. "ಕೋಳಿಗೆ ಚಪ್ಪಾಳೆ ಬಂತು," ಎಂದು ನೆನೆಯುತ್ತಾರೆ. ಮೂವತ್ತು ವರ್ಷದಲ್ಲಿ ಒಂದೇ ಉಸಿರಿಗೆ ಮೀರಿದ ಮಾತು ಅವರ ಪಾಲಿಗೆ ಬಂದಿರಲಿಲ್ಲ. ಈ ಚಳಿಗಾಲದವರೆಗೆ.

ಫಿಂಟನ್ ಗ್ಯಾವಗನ್ ತಂಡದ ನಿರ್ದೇಶಕರು. ನಿವೃತ್ತ ಪಶುವೈದ್ಯರು. ನಟರಿಗೆ ಬೈಯುವಾಗಲೂ ಅವರ ಹಳೆಯ ಕಸುಬು ಇಣುಕುತ್ತದೆ. "ಆ ಕಡೆ ತಿರುಗು, ಆ ಕಡೆ! ಹಾಲು ಕರೆಯೋಕೆ ನಿಂತಿದೀಯಾ?" ಎನ್ನುತ್ತಾರೆ. ಈ ಸಲ ಅವರೇ ಒಂದು ನಾಟಕ ಬರೆದರು, 'ಸಬೀನಾ ಎಲ್ಲಿ ಮಲಗಬೇಕು?' ಎಂದು. ಎರಡು ಮದುವೆಯಾಗಿದ್ದ ಮುದುಕಿ ಸಬೀನಾ ಸತ್ತಿದ್ದಾಳೆ. ಅವಳನ್ನು ಬೆಟ್ಟದ ಸ್ಮಶಾನದಲ್ಲಿ ಮೊದಲನೆ ಗಂಡನ ಪಕ್ಕ ಹೂಳಬೇಕೋ, ಕೆರೆಯ ಸ್ಮಶಾನದಲ್ಲಿ ಎರಡನೆಯವನ ಪಕ್ಕ ಹೂಳಬೇಕೋ ಎಂದು ಎರಡೂ ಕಡೆಯ ಮಕ್ಕಳು ಹೆಣದ ಮುಂದೆಯೇ ಜಗಳಕ್ಕೆ ಬೀಳುತ್ತಾರೆ. ಪರದೆ ಮೇಲೇಳುವಾಗ ಸಬೀನಾ ತೆರೆದ ಪೆಟ್ಟಿಗೆಯಲ್ಲಿ ಮಲಗಿರುತ್ತಾಳೆ. ನಾಟಕ ಪೂರ್ತಿ ಮಲಗಿರುತ್ತಾಳೆ. ಕಟ್ಟಕಡೆಗೆ ಉಳಿದವರೆಲ್ಲ ಇದ್ದಲ್ಲೇ ಕಲ್ಲಾಗುತ್ತಾರೆ. ಆಗ ಸಬೀನಾ ಎದ್ದು ಕೂತು, ತಾನು ಎಲ್ಲಿ ಮಲಗಬೇಕು ಎಂದು ಜನರಿಗೆ ತಾನೇ ಹೇಳುತ್ತಾಳೆ.

"ಅಷ್ಟು ಹೊತ್ತು ಅಲ್ಲಾಡದೆ ಮಲಗೋರು ಯಾರಿದ್ದಾರೆ ಅಂತ ನೋಡಿದ," ಎನ್ನುತ್ತಾರೆ ಅಟ್ರಾಕ್ಟಾ. "ಎಲ್ಲರಿಗೂ ಎಲ್ಲಾದರೂ ಕೆರೆತ. ನಾನು ಒಲೆ ಮುಂದೆ ನಿಂತು ನಿಂತು ಅಭ್ಯಾಸ ಆದವಳು, 'ಮಲಗೋ ಕೆಲಸ ಅಂದ್ರೆ ನನಗೇ ಕೊಡು' ಅಂದೆ. ಕೊನೆ ಮಾತು ಇದೆ ಅಂತ ಆಮೇಲೆ ಗೊತ್ತಾಯ್ತು. ಹಾಳೆ ಕೈಗೆ ಕೊಟ್ಟಾಗ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಇದೆಲ್ಲ ನಂದಾ ಅಂತ ಕೇಳಿದೆ. ನಿಂದೇ ಅಂದ."

ತೊಂದರೆ ಒಂದೇ. ನಮ್ಮ ಕಡೆ ನಾಟಕೋತ್ಸವಗಳ ಕಾಲ ಅಂದರೆ ತಪಸ್ಸುಕಾಲ. ಬನ್ನಿನ ಮೇಲೆ ಶಿಲುಬೆ ಎಳೆಯುವ ಕಾಲವೂ ಅದೇ. ವರ್ಷದಲ್ಲಿ ಬೇರೆ ಯಾವಾಗಲೂ ಬೇಕರಿಗೆ ಇಷ್ಟು ಕೆಲಸವಿಲ್ಲ, ಬೇರೆ ಯಾವಾಗಲೂ ತಂಡಕ್ಕೆ ಇಷ್ಟು ಓಡಾಟವಿಲ್ಲ. ಊರು ಮಗ್ಗುಲು ಬದಲಿಸುವ ಹೊತ್ತಿಗೆ ಅಟ್ರಾಕ್ಟಾ ಹಿಟ್ಟು ನಾದುತ್ತಿರುತ್ತಾರೆ. ಮಧ್ಯಾಹ್ನದವರೆಗೆ ನಿಂತ ಕಾಲು ನಿಂತೇ ಇರುತ್ತದೆ. ದಿನಕ್ಕೆ ಎಷ್ಟು ಬನ್ನು ಎಂದು ಕೇಳಿದರೆ, "ಎಣಿಸೋಕೆ ಹೋಗ್ಬಾರ್ದು. ಕುರಿ ಎಣಿಸಿದ ಹಾಗೆ, ನಿದ್ದೆ ಬಂದ್ಬಿಡುತ್ತೆ" ಎನ್ನುತ್ತಾರೆ. ಸಂಜೆ ಗಂಡ ಲೋರ್ಕನ್ ವ್ಯಾನಿನ ಹಿಂದೆ ಕುರಿ ಸಾಗಿಸುವ ಗಾಡಿ ಕಟ್ಟಿ, ಅದರೊಳಗೆ ಸಬೀನಾಳ ಮನೆಯ ಗೋಡೆ, ಕಿಟಕಿ, ಶವಪೆಟ್ಟಿಗೆ ತುಂಬಿಸುತ್ತಾರೆ. ಯಾವುದೋ ಊರು, ಯಾವುದೋ ಸಭಾಂಗಣ. ಅಲ್ಲಿ ಹೋಗಿ, ಬೆಚ್ಚನೆ ದೀಪದ ಕೆಳಗೆ, ಮೆತ್ತನೆ ರೇಷ್ಮೆ ದಿಂಬಿನ ಮೇಲೆ, ಕಣ್ಣು ಮುಚ್ಚಿ ಮಲಗಬೇಕು. ಮಲಗಿ, ನಿದ್ದೆ ಮಾಡಬಾರದು.

"ಬೇಕಾದ್ರೆ ನೀವು ಮಾಡಿ ನೋಡಿ," ಎನ್ನುತ್ತಾರೆ.

ಪೆಟ್ಟಿಗೆ ಮಾತ್ರ ಅಸಲಿ. ಊರಿನ ಅಂತ್ಯಕ್ರಿಯೆಗಳನ್ನು ನಡೆಸಿಕೊಡುವ ಆಂಬ್ರೋಸ್ ಕಿಲ್‌ಕಾಯ್ನ್ ತಮ್ಮ ಅಂಗಡಿಯಿಂದ ಕೊಟ್ಟಿದ್ದಾರೆ, ಗೀಚು ಬೀಳಬಾರದು ಎಂಬ ಷರತ್ತಿನ ಮೇಲೆ. "ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಪೆಟ್ಟಿಗೆ ಬೆನ್ನಿಗೆ ಒತ್ತುತ್ತೆ ಅಂತ ದೂರು ಕೊಟ್ಟ ಗಿರಾಕಿ ಇವಳೊಬ್ಬಳೇ," ಎನ್ನುತ್ತಾರೆ ಅವರು.

ಇನ್ನು ಗೊರಕೆ.

ಋತುವಿನ ಎರಡನೆಯ ಉತ್ಸವ. ಮಕ್ಕಳ ಜಗಳ ತಾರಕಕ್ಕೇರಿ, ಹಿರಿಮಗ ಮೇಜು ಗುದ್ದಿ, ಎಲ್ಲರೂ ಒಂದು ಕ್ಷಣ ಮೌನವಾಗಬೇಕಾದ ಜಾಗ. ಮೌನವಾದರು. ಆ ಮೌನದೊಳಗಿಂದ ಸಬೀನಾಳ ಗೊರಕೆ ಎದ್ದಿತು. ಸಣ್ಣದಲ್ಲ, ಕಲ್ಲಿನ ಮೇಲೆ ಗಾಡಿ ಎಳೆದ ಹಾಗೆ. ಹಿರಿಮಗನ ಪಾತ್ರಧಾರಿ ತಲೆ ಓಡಿಸಿ, "ಹೊರಗೆ ಹಂದಿ ಬಿಟ್ಟಿದ್ದಾರೆ ನೋಡ್ರೋ!" ಅಂದ. ಅಷ್ಟೇ. ಇಡೀ ಸಭಾಂಗಣ ಕುರ್ಚಿಯಿಂದ ಬಿದ್ದು ನಕ್ಕಿತು. ಕೊನೆಯಲ್ಲಿ ಸಬೀನಾ ಎದ್ದು ಕೂತಾಗಲೂ ನಗು ನಿಂತಿರಲಿಲ್ಲ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ನಮ್ಮ ಉತ್ಸವಗಳಲ್ಲಿ ಪರದೆ ಬಿದ್ದ ಮಾತ್ರಕ್ಕೆ ಆಟ ಮುಗಿಯುವುದಿಲ್ಲ. ತೀರ್ಪುಗಾರರು ವೇದಿಕೆ ಹತ್ತಿ, ಇಡೀ ಸಭೆಯ ಎದುರು, ಯಾರು ಹೇಗೆ ಮಾಡಿದರು ಎಂದು ಒಬ್ಬೊಬ್ಬರನ್ನೇ ಹಿಡಿದು ಹೇಳುತ್ತಾರೆ. ಜನ ಕೋಟು ಹಾಕಿಕೊಂಡೇ ಕೂತು ಕೇಳುತ್ತಾರೆ. ಇದಕ್ಕೆಂದೇ ಬರುವವರೂ ಇದ್ದಾರೆ. ಅಂದಿನ ತೀರ್ಪುಗಾರರು ಕನ್ನಡಕ ಒರೆಸಿಕೊಂಡು, "ರಂಗದ ಮೇಲೆ ಎಷ್ಟೋ ಹೆಣ ನೋಡಿದ್ದೇನೆ. ಇಷ್ಟು ನೆಮ್ಮದಿಯಾಗಿರುವ ಹೆಣ ನೋಡಿದ್ದು ಇದೇ ಮೊದಲು" ಎಂದರು.

ವಾಪಸು ಬರುವಾಗ ವ್ಯಾನಿನಲ್ಲಿ, ಊರು ಹತ್ತಿರ ಬಂದಾಗ ಫಿಂಟನ್ ಕೆಮ್ಮಿ, "ಅಟ್ರಾಕ್ಟಾ, ಇನ್ನೊಂದು ಸಲ ಹೀಗಾದ್ರೆ ಪಾತ್ರ ಗೊರೆಟ್ಟಿಗೆ" ಎಂದರು.

ಗೊರೆಟ್ಟಿ ಫೀಹಲಿ ಔಷಧಿ ಅಂಗಡಿಯವರು. ಪರದೆಯ ಮರೆಯಲ್ಲಿ ನಿಂತು, ಮರೆತವರಿಗೆ ಮಾತು ಎತ್ತಿಕೊಡುವುದು ಅವರ ಕೆಲಸ. ಹಾಗಾಗಿ ಸಬೀನಾಳ ಮಾತು ಅವರಿಗೂ ಬಾಯಿಪಾಠ. "ನಾನು ಕೇಳಿದ್ದಲ್ಲ ಆ ಪಾತ್ರಾನ," ಎನ್ನುತ್ತಾರೆ ಗೊರೆಟ್ಟಿ. "ಆದ್ರೆ ನನ್ನ ಅಂಗಡಿ ತೆಗೆಯೋದು ಒಂಬತ್ತಕ್ಕೆ. ತುಂಬ ನಿದ್ದೆ ಮಾಡ್ತೀನಿ. ಅದೇ ನನ್ನ ಅರ್ಹತೆ! ನಿದ್ದೆ ಬರದಿರೋ ಮಾತ್ರೆ ಕೊಡ್ತೀನಿ ಅಂತಾನೂ ಅಂದೆ."

"ಮಾತ್ರೆ ತಗೊಂಡು ಪೆಟ್ಟಿಗೇಲಿ ಮಲಗಿದ್ರೆ ಅದು ಬೇರೆ ನಾಟಕ ಆಗುತ್ತೆ ಕಣೇ ಅಂದೆ," ಎನ್ನುತ್ತಾರೆ ಅಟ್ರಾಕ್ಟಾ.

ರಜೆ ಹಾಕಬಹುದಿತ್ತಲ್ಲ ಎಂದು ಕೇಳುತ್ತೇನೆ. ಬೇಕರಿಯ ಇನ್ನೊಬ್ಬ ಕೆಲಸಗಾರ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾನೆ. "ಈಸ್ಟರಿಗೆ ಊರಿಗೆ ಬನ್ನಿಲ್ಲ ಅಂದ್ರೆ ಆಮೇಲೆ ನಾಟಕಕ್ಕೆ ಊರಿರಲ್ಲ," ಎಂದು ಒಲೆಯ ಬಾಗಿಲು ತೆರೆಯುತ್ತಾರೆ. ಅವರ ಉಪಾಯ ಬೇರೆ. ಬನ್ನಿನ ಮಸಾಲೆಯ ಡಬ್ಬಿಯಿಂದ ಒಂದು ಲವಂಗ. ಪರದೆ ಮೇಲೇಳುವ ಮುಂಚೆ ದವಡೆಗೆ ಒತ್ತಿಕೊಂಡರೆ ವಿರಾಮದವರೆಗೆ ನಾಲಗೆ ಚುರುಗುಟ್ಟುತ್ತಿರುತ್ತದೆ. ವಿರಾಮದಲ್ಲಿ ಪರದೆ ಮುಚ್ಚಿದ ಕೂಡಲೇ ಎದ್ದು ನಾಲ್ಕು ಹೆಜ್ಜೆ ಓಡಾಡಿ, ಚಹಾ ಕುಡಿದು, ಇನ್ನೊಂದು ಲವಂಗ ಒತ್ತಿಕೊಂಡು ಮತ್ತೆ ಸಾಯುವುದು. ಆಮೇಲಿನ ಉತ್ಸವಗಳು ಹೀಗೇ ಗೊರಕೆಯಿಲ್ಲದೆ ಕಳೆದವು. ಆದರೆ ಫಿಂಟನ್ನರ ಕಣ್ಣು ಜಗಳದ ಮೇಲಿರುವುದಕ್ಕಿಂತ ಹೆಚ್ಚು ಪೆಟ್ಟಿಗೆಯ ಮೇಲಿರುತ್ತದೆ ಎಂದು ಮಲಗಿದವರಿಗೂ ಗೊತ್ತು.

ಇನ್ನು ಉಳಿದಿರುವುದು ಡ್ರಮಶೀಲಿನ ಉತ್ಸವ, ಈ ಋತುವಿನ ಕೊನೆಯದು. ಅಲ್ಲಿ ಮೊದಲ ಸ್ಥಾನ ಬಂದರೆ ಅಂತಿಮ ಸುತ್ತು.

"ಅಂತಿಮ ಸುತ್ತೆಲ್ಲ ಫಿಂಟನ್ನಿಗೆ," ಎನ್ನುತ್ತಾರೆ ಅಟ್ರಾಕ್ಟಾ, ಬೆಂದ ಬನ್ನುಗಳಿಗೆ ಸಕ್ಕರೆ ಪಾಕ ಹಚ್ಚುತ್ತಾ. "ನನಗೆ ಆ ಮಾತು ಒಂದ್ಸಲ ಸರಿಯಾಗಿ ಹೇಳ್ಬೇಕು. ಅಷ್ಟೂ ಜನಕ್ಕೆ ಕೇಳೋ ಹಾಗೆ. ಮೂವತ್ತು ವರ್ಷ ಬೇರೆಯವರು ಮಾತಾಡೋಕೆ ಬಾಗಿಲು ತೆಗೆದಿದೀನಲ್ಲ."

ಡ್ರಮಶೀಲಿನ ಸಭಾಂಗಣ ತುಂಬಿದೆ. ಕಿಟಕಿಯ ಕಟ್ಟೆಯ ಮೇಲೂ ಜನ. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೇನೆ. ಪರದೆ ಮೇಲೇಳುತ್ತದೆ, ಸಬೀನಾ ಸತ್ತಿದ್ದಾಳೆ, ಚೆನ್ನಾಗಿಯೇ ಸತ್ತಿದ್ದಾಳೆ. ಜಗಳ ಬಿಸಿಯೇರುತ್ತದೆ. ಮೊದಲ ಭಾಗ ಮುಗಿದು ಚಪ್ಪಾಳೆ. ಪರದೆ ಇಳಿಯಬೇಕು. ಅರ್ಧ ಇಳಿದದ್ದು ಒಮ್ಮೆ ಜಗ್ಗಿ, ಮೇಲಕ್ಕೇ ಹೋಗಿ ಸಿಕ್ಕಿಕೊಳ್ಳುತ್ತದೆ. ಹಗ್ಗ ಗಾಲಿಯಿಂದ ಜಾರಿದೆ.

ಪಾತ್ರಧಾರಿಗಳು ಮುಖ ಮುಖ ನೋಡಿಕೊಂಡು ಒಬ್ಬೊಬ್ಬರೇ ಒಳಗೆ ಸರಿಯುತ್ತಾರೆ. ಹೆಣ ಸರಿಯುವ ಹಾಗಿಲ್ಲ. ಸತ್ತವಳು ಎದ್ದು ಚಹಾಕ್ಕೆ ಹೋಗುವುದನ್ನು ಇಡೀ ಸಭೆ ನೋಡಿದರೆ, ಕೊನೆಯಲ್ಲಿ ಎದ್ದು ಕೂತಾಗ ಯಾರಿಗೆ ಬೆರಗು? ಮರೆಯಿಂದ ಫಿಂಟನ್ನರ ಪಿಸುದನಿ ಮೂರನೆಯ ಸಾಲಿಗೂ ಕೇಳುತ್ತದೆ. "ಏಳ್ಬೇಡ! ಸತ್ತಿರು!"

ಆಗ ಏನಾಗುತ್ತಿತ್ತು ಎಂದು ಅಟ್ರಾಕ್ಟಾ ಆಮೇಲೆ ಹೇಳಿದರು. "ಲವಂಗದ ಖಾರ ಇಳಿದುಹೋಗಿತ್ತು. ಇನ್ನೊಂದು ಒಳಗೆ ನನ್ನ ಸ್ವೆಟರ್ ಜೇಬಲ್ಲಿ. ದೀಪ ಬೆಚ್ಚಗೆ. ಜಗಳ ನಡೀತಿದ್ರೆ ಎಚ್ಚರ ಇರ್ತೀನಿ, ಅದೂ ಇಲ್ಲ. ಎಲ್ಲರೂ ಚಹಾಕ್ಕೆ ಹೋಗೋ ಕಾಲಿನ ಸದ್ದು, ದೂರ ದೂರ ಹೋಗ್ತಾ ಇದೆ. ದಿಂಬು ನನ್ನನ್ನ ಒಳಕ್ಕೆ ಎಳ್ಕೊಳ್ತಾ ಇದೆ. ಮುಗೀತು ಅಂದ್ಕೊಂಡೆ. ಗೊರೆಟ್ಟಿ, ತಗೋ ನಿನ್ನ ಪಾತ್ರ ಅಂತ ಮನಸಲ್ಲೇ ಹೇಳ್ದೆ."

ಮುಂದಿನ ಸಾಲಿನಲ್ಲಿ ಎಂಬತ್ತು ದಾಟಿದ ಮುದುಕಿಯೊಬ್ಬರು ಕೂತಿದ್ದಾರೆ. ಡೀಲಿಯಾ ಮಕ್‌ಗ್ಲೋಯ್ನ್, ಡ್ರಮಶೀಲಿನವರೇ. ಪಕ್ಕದವಳು "ಬಾ ಡೀಲಿಯಾ, ಚಹಾ ಕುಡಿಯೋಣ" ಎಂದು ಕರೆಯುತ್ತಾಳೆ. ಡೀಲಿಯಾ ಏಳುತ್ತಾರೆ, ಬಾಗಿಲ ಕಡೆ ಎರಡು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ವೇದಿಕೆಯ ಕಡೆ ತಿರುಗುತ್ತಾರೆ.

"ಅವಳೊಬ್ಬಳನ್ನೇ ಬಿಟ್ಟು ಎಲ್ಲಿಗೆ ಹೋಗೋದು?"

"ಅಯ್ಯೋ, ನಾಟಕ ಕಣೇ ಅದು!"

"ನಾಟಕ ಅಂತ ನಂಗೊತ್ತಿಲ್ವಾ? ನನಗೇನು ತಲೆ ಕೆಟ್ಟಿದೆಯಾ? ಬದುಕಿರೋ ಹೆಂಗಸೇ ಅವಳು. ಆದ್ರೆ ಪೆಟ್ಟಿಗೆ ಪೆಟ್ಟಿಗೇನೇ. ಹೆಣಾನ ಒಂಟಿ ಬಿಡ್ತಾರಾ ಯಾರಾದ್ರೂ? ನನ್ನ ಚಹಾ ಇಲ್ಲಿಗೇ ತಂದುಕೊಡು. ಸಕ್ಕರೆ ಎರಡು."

ಪಕ್ಕದ ಮೆಟ್ಟಿಲು ಹಿಡಿದುಕೊಂಡು ಡೀಲಿಯಾ ವೇದಿಕೆ ಹತ್ತುತ್ತಾರೆ. ಸಬೀನಾಳ ಹಿರಿಮಗ ಗುದ್ದಿದ ಮೇಜಿನ ಪಕ್ಕದ ಕುರ್ಚಿ ಎಳೆದು, ಪೆಟ್ಟಿಗೆಯ ತಲೆದೆಸೆಗೆ ಹಾಕಿಕೊಂಡು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಸಭಾಂಗಣದಲ್ಲಿ ಒಂದು ಸಣ್ಣ ನಗು ಏಳುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಯಾಕೆಂದರೆ ಅವರು ಹೇಳಿದ್ದು ಸರಿ. ಹೂಳುವವರೆಗೆ ರಾತ್ರಿಯಿಡೀ ಹೆಣ ಕಾಯುವ ಮನೆಗಳಿಗೆ ಹೋಗಿ ಬೆಳೆದವರೇ ಅಲ್ಲಿ ಎಲ್ಲರೂ. ಹೆಣದ ಪಕ್ಕ ಖಾಲಿ ಕುರ್ಚಿ ಕಂಡರೆ ನಮಗೆ ಕಾಲು ಮುಂದಕ್ಕೆ ಹೋಗುವುದಿಲ್ಲ.

ಒಬ್ಬ ರೈತ ಟೋಪಿ ತೆಗೆದು ಹತ್ತುತ್ತಾನೆ. ಅವನ ಹಿಂದೆ ಅವನ ಹೆಂಡತಿ, ಕೈಯಲ್ಲಿ ಮೊಟ್ಟೆ ಸ್ಯಾಂಡ್‌ವಿಚ್ಚು. ಆಮೇಲೆ ಸಾಲೇ ಆಗಿಬಿಡುತ್ತದೆ. ಒಬ್ಬೊಬ್ಬರೂ ಪೆಟ್ಟಿಗೆಯ ಮುಂದೆ ಕ್ಷಣ ನಿಂತು, ಸಬೀನಾಳ ಕೈ ಮುಟ್ಟಿ, ಮುಂದೆ ಹೋಗುತ್ತಾರೆ. ಹಗ್ಗ ಸರಿಪಡಿಸಲು ಹೊರಗೆ ಬಂದ ಹಿರಿಮಗನ ಪಾತ್ರಧಾರಿ ಸಾಲಿನ ತುದಿಯಲ್ಲಿ ಸಿಕ್ಕಿಬೀಳುತ್ತಾನೆ. ಅವನ ಕೈ ಹಿಡಿದು ಕುಲುಕುತ್ತಾರೆ. "ನಿಮ್ಮ ದುಃಖದಲ್ಲಿ ನಾವೂ ಇದ್ದೀವಪ್ಪಾ." ಅವನಿಗೂ ಬೇರೆ ತೋಚದೆ, "ಬಂದಿದ್ದಕ್ಕೆ ಸಂತೋಷ, ಬಂದಿದ್ದಕ್ಕೆ ಸಂತೋಷ" ಎನ್ನುತ್ತಾ ನಿಲ್ಲುತ್ತಾನೆ. ಅರ್ಧ ಜನ ತುಟಿ ಕಚ್ಚಿಕೊಂಡು ನಗುತ್ತಿದ್ದಾರೆ, ಅರ್ಧ ಜನ ನಗುತ್ತಿಲ್ಲ. ಮರೆಯಲ್ಲಿ ಫಿಂಟನ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಾರೆ. ಪ್ರೇಕ್ಷಕರು ರಂಗ ಹತ್ತಿದರೆ ಉತ್ಸವದ ನಿಯಮ ಏನು ಹೇಳುತ್ತದೆ ಎಂದು ಅವರಿಗೆ ತಿಳಿಯದು. ಯಾರಿಗೂ ತಿಳಿಯದು. ಹೀಗೆ ಯಾವತ್ತೂ ಆಗಿಲ್ಲ.

"ಕೈ ಬೆಚ್ಚಗಿದೆ," ಎನ್ನುತ್ತಾನೆ ಒಬ್ಬ.

"ಈಗಿನ್ನೂ ಹೋಗಿದ್ದಾಳೆ, ಪಾಪ," ಎನ್ನುತ್ತಾರೆ ಡೀಲಿಯಾ, ಚಹಾ ಗುಟುಕರಿಸುತ್ತಾ.

ಸಾಲು ಕರಗಿದ ಮೇಲೆ ಡೀಲಿಯಾ ಬಗ್ಗಿ, ಸಬೀನಾಳ ಕಿವಿಯ ಹತ್ತಿರ ಏನೋ ಹೇಳುವುದು ನಮಗೆಲ್ಲ ಕಾಣುತ್ತದೆ. ಏನು ಹೇಳಿದರು ಎಂಬುದು ಕೇಳಿಸಲಿಲ್ಲ. ಆಮೇಲೆ ಅವರೇ ನನಗೆ ಹೇಳಿದರು, ಬರೆಯಬಹುದು ಎಂದೂ ಹೇಳಿದರು. "ಬರ್ಕೋ, ಬರ್ಕೋ. ನಮ್ಮ ಬಾರ್ಟ್ಲಿ ಬದುಕಿದ್ದಾಗಲೇ ಪೇಪರ್ ಓದ್ದೋನಲ್ಲ."

ಬಾರ್ಟ್ಲಿ ಅವರ ಗಂಡ, ಹೋಗಿ ಎರಡು ಚಳಿಗಾಲವಾಯಿತು. ಸತ್ತವರ ಕೈಯಲ್ಲಿ ಮುಂಚೆ ಹೋದವರಿಗೆ ಒಂದು ಮಾತು ಕಳಿಸುವುದು ಡೀಲಿಯಾರ ಅಮ್ಮನ ಮನೆಯ ಕಡೆಯ ಹಳೆಯ ರೂಢಿಯಂತೆ. ಅವರು ಹೇಳಿದ್ದು ಇಷ್ಟು: "ಮೇಲೆ ಬಾರ್ಟ್ಲಿ ಸಿಕ್ಕಿದ್ರೆ ಹೇಳು ಮಗಳೇ, ಗೇಟು ಸರಿ ಮಾಡಿಸ್ದೆ ಅಂತ. ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಅಂತ ಹೋಗೇ ಬಿಟ್ಟ. ಈಗ ಒಂಚೂರೂ ಕಿರುಗುಟ್ಟಲ್ಲ. ಆ ಸದ್ದಿಲ್ದೆ ಮನೆ ಬಿಕೋ ಅನ್ನುತ್ತೆ ಅನ್ನೋದನ್ನ ಮಾತ್ರ ಹೇಳ್ಬೇಡ."

"ನಿದ್ದೆ ಎಲ್ಲಿ ಹೋಯ್ತೋ ಏನೋ," ಎನ್ನುತ್ತಾರೆ ಅಟ್ರಾಕ್ಟಾ. "ಮುಚ್ಚಿದ ಕಣ್ಣಿಂದ ನೀರು ಕಿವಿ ಕಡೆ ಇಳೀತಾ ಇದೆ. ಒರೆಸ್ಕೊಳ್ಳೋ ಹಾಗಿಲ್ಲ. ನನ್ನ ಕಸುಬು ಕೆಟ್ಟಿತು, ಅಳೋ ಹೆಣ ಯಾರು ಕಂಡಿದ್ದಾರೆ ಅಂದ್ಕೊಂಡೆ. ಆಗ ಆ ಅಜ್ಜಿ ಕರ್ಚೀಫು ತೆಗೆದು ಒರೆಸಿ, ಮೆಲ್ಲಗೆ, 'ಸುಮ್ನಿರು, ಯಾರೂ ನೋಡ್ಲಿಲ್ಲ' ಅಂದ್ಲು."

ಗಂಟೆ ಬಾರಿಸುತ್ತದೆ. ಡೀಲಿಯಾ ಕುರ್ಚಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಇಳಿದು ಬರುತ್ತಾ ಹಿರಿಮಗನ ಪಾತ್ರಧಾರಿಯನ್ನು ಕೇಳುತ್ತಾರೆ, "ಎಲ್ಲಿ ಹೂಳ್ತೀರಂತೆ?"

"ಅದೇ ಇನ್ನೂ ಜಗಳ ಆಗ್ತಿದೆ, ಅಜ್ಜಿ."

"ಅವಳನ್ನೇ ಕೇಳ್ರೋ!"

ನಾಟಕದಲ್ಲಿ ಮುಂದೆ ಬರುವುದು ಅದೇ ಎಂದು ಡೀಲಿಯಾಗೆ ಗೊತ್ತಿಲ್ಲ.

ಎರಡನೆಯ ಭಾಗದಲ್ಲಿ ಸಭಾಂಗಣದ ಮೌನವೇ ಬೇರೆ. ಮುಂಚೆ ನಾಟಕ ನೋಡುತ್ತಿದ್ದವರು ಈಗ ಆ ಮನೆಗೆ ಬಂದವರು. ಅವಳ ಕೈ ಮುಟ್ಟಿದ್ದಾರೆ, ಮಗನ ಕೈ ಕುಲುಕಿದ್ದಾರೆ, ಅವರ ಚಹಾ ಕುಡಿದಿದ್ದಾರೆ. ಮಕ್ಕಳು ಒಬ್ಬರಿಗೊಬ್ಬರು ಕೆಟ್ಟ ಮಾತಾಡಿದಾಗ ಹಿಂದಿನ ಸಾಲಿನಿಂದ "ಛೀ, ಹೆಣದ ಮುಂದೆ!" ಎಂಬ ದನಿ ಬರುತ್ತದೆ. ಕೊನೆಗೆ ಎಲ್ಲರೂ ಕಲ್ಲಾಗುತ್ತಾರೆ. ದೀಪ ಕುಗ್ಗುತ್ತದೆ. ಸಬೀನಾ ಎದ್ದು ಕೂರುತ್ತಾಳೆ.

ಬೇರೆ ಊರುಗಳಲ್ಲಿ ಈ ಕ್ಷಣಕ್ಕೆ ಜನ ಕೂಗಿದ್ದಾರೆ, ನಕ್ಕಿದ್ದಾರೆ. ಇಲ್ಲಿ ಡೀಲಿಯಾ ಹಣೆಗೂ ಎದೆಗೂ ಬೆರಳು ಮುಟ್ಟಿಸಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ.

"ಇಬ್ಬರ ಪಕ್ಕದಲ್ಲೂ ಮಲಗಿ ನೋಡಿದ್ದೀನಿ ಕಣ್ರಪ್ಪಾ," ಎಂದು ಶುರುಮಾಡುತ್ತಾರೆ ಅಟ್ರಾಕ್ಟಾ. ದನಿ ಎತ್ತುವುದಿಲ್ಲ. ಬೇಕರಿಯಲ್ಲಿ ಬನ್ನುಗಳಿಗೆ ಹೇಳಿದ ದನಿಯೇ. ತಣ್ಣನೆ ಪಾದ ಬರುತ್ತದೆ, ಗೊರಕೆ ಬರುತ್ತದೆ, ಜನ ನಗುತ್ತಾರೆ, ನಗು ತಾನಾಗಿ ಇಳಿಯುತ್ತದೆ. "ಇ‍ಬ್ಬರೂ ಒಳ್ಳೆಯವರೇ. ಇಬ್ಬರಿಗೂ ಬೇಯಿಸಿ ಹಾಕಿದೆ, ಇಬ್ಬರನ್ನೂ ಕಳಿಸಿಕೊಟ್ಟೆ. ಇನ್ನು ಸಾಕು. ಇನ್ನು ನನ್ನನ್ನ..."

ನಿಲ್ಲಿಸುತ್ತಾರೆ. ಆ ನಿಲುಗಡೆ ಬೆಳೆಯುತ್ತದೆ. ನನ್ನ ಪಕ್ಕದವನು ಕುರ್ಚಿಯ ತುದಿಗೆ ಬರುತ್ತಾನೆ.

ಮರೆಯಲ್ಲಿ ಗೊರೆಟ್ಟಿ ಮುಂದಕ್ಕೆ ಬಾಗುತ್ತಾರೆ. "ಮರ್ತ್ಲು ಅಂದ್ಕೊಂಡೆ. ಎತ್ತಿಕೊಡೋಕೆ ಬಾಯಿ ತೆಗೆದೆ," ಎಂದರು ಆಮೇಲೆ. "ಅವಳ ಕೈ ಪೆಟ್ಟಿಗೆ ಅಂಚಿನ ಮೇಲಿತ್ತು. ಒಂದೇ ಒಂದು ಬೆರಳು ಎತ್ತಿದ್ಲು, ನನಗೆ ಮಾತ್ರ ಕಾಣೋ ಹಾಗೆ. ತಡಿ ಅಂತ. ಆ ಬೆರಳು ನೋಡ್ದಾಗ ನನಗೆ ಗೊತ್ತಾಯ್ತು, ಈ ಪಾತ್ರ ನನಗೆ ಯಾವತ್ತೂ ಬರಲ್ಲ. ಬರೋದೂ ಬೇಡ."

"...ನನ್ನನ್ನ ನಮ್ಮಮ್ಮನ ಪಕ್ಕ ಹಾಕಿ."

ಸಬೀನಾ ಮತ್ತೆ ಮಲಗುತ್ತಾಳೆ. ದೀಪ ಆರುತ್ತದೆ. ಸರಿಪಡಿಸಿದ ಹಗ್ಗದ ಮೇಲೆ ಪರದೆ ಇಳಿಯುತ್ತದೆ. ಚಪ್ಪಾಳೆ ತಕ್ಷಣ ಬರುವುದಿಲ್ಲ. ಬಂದ ಮೇಲೆ ನಿಲ್ಲುವುದಿಲ್ಲ.

ತೀರ್ಪುಗಾರ್ತಿ ವೇದಿಕೆ ಹತ್ತುತ್ತಾರೆ. ಗೋಡೆಯ ಬಣ್ಣ ಸರಿಯಿಲ್ಲ, ಹಿರಿಮಗನಿಗೆ ಅಂಟಿಸಿದ ಗಡ್ಡ ಒಂದು ಕಡೆ ಬಿಟ್ಟುಕೊಂಡಿತ್ತು, ಮೊದಲ ಭಾಗ ಕುಂಟಿತು ಎಂದು ಒಂದೊಂದೇ ಹೇಳುತ್ತಾರೆ. ಸತ್ತ ಹೆಂಗಸಿನ ಕೈ ತೀರ ಕೆಂಪಗಿದೆ, ಬಿಳಿ ಹಚ್ಚಬೇಕು ಎನ್ನುತ್ತಾರೆ. ಫಿಂಟನ್ ನೆಲ ನೋಡುತ್ತಿದ್ದಾರೆ. "ವಿರಾಮದಲ್ಲಿ ನಡೆದದ್ದು ನನ್ನ ಲೆಕ್ಕಕ್ಕೆ ಬರುವುದಿಲ್ಲ," ಎಂದು ತೀರ್ಪುಗಾರ್ತಿ ಒಮ್ಮೆ ತಡೆಯುತ್ತಾರೆ. "ನಾನು ಹೊರಗೆ ಚಹಾ ಕುಡಿಯುತ್ತಿದ್ದೆ. ಚಹಾ ಚೆನ್ನಾಗಿತ್ತು. ಆದರೂ ಒಳಗಿರಬೇಕಿತ್ತು ಅನ್ನಿಸುತ್ತಿದೆ. ಕೊನೆಯ ಆ ಮೌನದ ಬಗ್ಗೆ ನಾನು ಏನೂ ಹೇಳುವುದಿಲ್ಲ. ನೀವೆಲ್ಲ ಕೇಳಿದ್ದೀರಿ."

ಉತ್ಸವದ ಫಲಿತಾಂಶದಲ್ಲಿ ಕ್ಲೂನಬ್ರಾಕಿಗೆ ಎರಡನೆಯ ಸ್ಥಾನ. ಅಂತಿಮ ಸುತ್ತು ಕೈತಪ್ಪಿತು. ಅದು ಹಿರಿಮಗನ ಗಡ್ಡದಿಂದ ಎಂದು ಲೋರ್ಕನ್, ಲೋರ್ಕನ್ನರ ಗಾಡಿಯ ಕುರಿವಾಸನೆಯಿಂದ ಎಂದು ಹಿರಿಮಗ. ಪಾತ್ರದ ವಿಷಯ ಫಿಂಟನ್ನರನ್ನು ಕೇಳಿದರೆ ಮಾತು ಚುಟುಕು. "ಅವಳದ್ದೇ. ಇನ್ಮೇಲೆ ಗೊರಕೆ ಹೊಡೆದ್ರೂ ಅವಳದ್ದೇ."

ಈಸ್ಟರ್ ಕಳೆದ ಮೊದಲ ಶನಿವಾರ ಸಂಜೆ ನಮ್ಮೂರಿನ ಸಭಾಂಗಣದಲ್ಲಿ ಆಟವಿದೆ. ತಲೆದೆಸೆಗೆ ಒಂದು ಖಾಲಿ ಕುರ್ಚಿ ಇಡಬೇಕೆಂದು ಅಟ್ರಾಕ್ಟಾ ಕೇಳಿಕೊಂಡಿದ್ದಾರೆ, ಫಿಂಟನ್ ಒಪ್ಪಿದ್ದಾರೆ. ಡೀಲಿಯಾರನ್ನು ಕರೆತರಲು ಲೋರ್ಕನ್ ಹೋಗುತ್ತಾರೆ, ಕುರಿಗಾಡಿ ಕಳಚಿಟ್ಟು.

ಡ್ರಮಶೀಲಿನ ಮರುದಿನವೂ ಬೇಕರಿಯ ಕಿಟಕಿಯಲ್ಲಿ ಬೆಳಕಿದೆ, ಗಾಜಿನ ತುಂಬಾ ಆವಿ. ಶಿಲುಬೆಗಳು ಸಾಲುಗಟ್ಟುತ್ತಿವೆ. ಮುಂದಿನ ವರ್ಷ ಎಂಥ ಪಾತ್ರ ಬೇಕು ಎಂದು ಕೇಳುತ್ತೇನೆ.

"ನಿಂತ್ಕೊಂಡು ಮಾಡೋದು ಒಂದು ಕೊಡ್ಲಿ," ಎನ್ನುತ್ತಾರೆ ಅಟ್ರಾಕ್ಟಾ. "ಮಾತು ಇಷ್ಟೇ ಇದ್ರೆ ಸಾಕು. ಬಾಗಿಲು ಬೇರೆ ಯಾರಾದ್ರೂ ತೆಗೀಲಿ."

ಡೀಲಿಯಾ ಒಪ್ಪಿಸಿದ ಮಾತು?

ಚೀಲ ಹಿಡಿದ ಕೈ ನಿಲ್ಲುವುದಿಲ್ಲ. ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. "ಅದು ನನ್ನ ಹತ್ರ ಇದೆ. ಆಗಲ್ಲ ಅನ್ನೋಕೆ ಆವಾಗ ನನಗೆ ಬಾಯಿರ್ಲಿಲ್ಲ, ಅಂದ್ಮೇಲೆ ಒಪ್ಕೊಂಡ ಹಾಗೇ. ಹೋದಾಗ ಬಾರ್ಟ್ಲೀನ ಹುಡುಕ್ತೀನಿ. ಗೇಟು ಸರಿಯಾಗಿದೆ ಅಂತೀನಿ. ಇನ್ನೊಂದು ಹೇಳ್ಬೇಡ ಅಂದಿದ್ದಾಳೆ, ಹೇಳಲ್ಲ. ಅವಸರ ಏನಿಲ್ಲ, ಇನ್ನೂ ಎಷ್ಟೋ ಬನ್ನಿದೆ." ತಟ್ಟೆಯನ್ನು ಒಲೆಯೊಳಗೆ ತಳ್ಳಿ, ಬಾಗಿಲು ಮುಚ್ಚಿ, ಕೈ ಒರೆಸಿಕೊಳ್ಳುತ್ತಾರೆ.

"ನನ್ನ ಪಾಲಿಗೆ ಬಂದ ಮಾತನ್ನ ನಾನು ಇದುವರೆಗೂ ಮರ್ತಿಲ್ಲ. ನಿದ್ದೆ ಮಾಡಿರಬಹುದು. ಮರ್ತಿಲ್ಲ."